ಕೊಡೆಯ ಲೆಕ್ಕದಲ್ಲಿ ಹೇಳು

ಗಾಳಿ ಬಂದಾಗ ತೂರಿಕೋ ಎನ್ನುವುದುಂಟು.
ತ್ರಿಯೆಸ್ತೆಯಲ್ಲಿ ಗಾಳಿಯೇ ನಮ್ಮನ್ನು ತೂರುತ್ತದೆ,
ಕಾಳು ಜೊಳ್ಳು ನೋಡದೆ ಎರಡನ್ನೂ ಕಡಲಿಗೆ.
ಬೋರಾ ಅದರ ಹೆಸರು.
ಅದು ಬೀಸಿದ ಮರುದಿನ ಕಸದ ತೊಟ್ಟಿಗಳ ತುಂಬ
ಕಡ್ಡಿ ಮುರಿದ ಕೊಡೆಗಳು,
ಮಗುಚಿ ಬಿದ್ದ ಬಾವಲಿಗಳ ಹಾಗೆ.
ಆ ಸಾವುಗಳಿಂದಲೇ ಬದುಕುತ್ತಿದ್ದ
ಬೊಗ್ದಾನ್ ಜಿದಾರಿಚ್, ನಮ್ಮ ಗಿರಾಕಿ.

‘ಗಿರಾಕಿ ಅನ್ನಬೇಡ, ಹೆಸರಿದೆ’
ಎನ್ನುತ್ತಿದ್ದಳು ಎರ್ಮಿನಿಯಾ ವಾಸ್ಕೊತ್ತೋ.
ಅವಳ ಲೆಕ್ಕಪತ್ರದ ಕಚೇರಿಯಲ್ಲಿ ನಾನಾಗ
ಆರು ತಿಂಗಳ ಕೂಸು.
ಕಪಾಟಿನಲ್ಲಿ ಸಾಲು ಸಾಲು ಫೈಲು. ಅವಳ ಮೇಜಿನ ಕೆಳಗೆ
ಬೂಟಿನ ಹಳೆ ಪೆಟ್ಟಿಗೆಯೊಂದು, ಅದರ ತುಂಬ ಚೀಟಿ.
ಒಂದರಲ್ಲೂ ಅಂಕಿಯಿಲ್ಲ.

‘ಎಡಗಿವಿ ಕೇಳದು. ಬಲಕ್ಕೆ ಕೂತುಕೋ.’
‘ಮಾರ್ಚ್‌ನಲ್ಲಿ ಫೋನ್ ಬೇಡ. ಹೆಂಡತಿ ತೀರಿದ ತಿಂಗಳು.’
‘ಬೇಕರಿ. ಹನ್ನೊಂದು ಗಂಟೆಗೆ ಅವಳಿಗೆ ನಡುರಾತ್ರಿ.’
‘ಜಿದಾರಿಚ್. ಶೇಕಡಾ ಅರ್ಥವಾಗದು,
ನಾಚಿಕೆಗೆ ತಲೆಯಾಡಿಸುತ್ತಾನೆ.
ಕೊಡೆಯ ಲೆಕ್ಕದಲ್ಲಿ ಹೇಳು.’

ನಾನು ನಕ್ಕಿದ್ದೆ.

ಫೆಬ್ರವರಿಯಲ್ಲಿ ಅವನ ಕಾಗದವೊಂದು
ಬೇರೆಯವರ ಫೈಲಿನಡಿ ಸೇರಿ, ಗಡುವು ದಾಟಿತು.
ದಂಡ ಬಿತ್ತು.
ನಾನು ಪತ್ರ ಟೈಪು ಮಾಡಿದೆ, ಚಂದದ ಪತ್ರ:
‘ವಿಳಂಬವಾಗಿರುವುದು ಗಮನಕ್ಕೆ ಬಂದಿದೆ,
ವಿಷಾದಿಸಲಾಗಿದೆ.’
ಅವಳು ಓದಿ, ಹಿಂದೆ ತಿರುವಿ, ಮತ್ತೆ ಓದಿದಳು.
‘ಯಾರು ಮರೆತದ್ದು? ಈ ಕಾಗದದಲ್ಲಿ
ಹುಡುಕಿದರೂ ಒಬ್ಬ ಮನುಷ್ಯ ಸಿಗುವುದಿಲ್ಲವಲ್ಲ.’
ಕೋಟು ತೆಗೆದುಕೊಂಡಳು. ‘ನಡಿ.
ತೆರಿಗೆಯವರ ಲಕೋಟೆಗಿಂತ ಮೊದಲು
ನಮ್ಮ ಮುಖ ಅವನಿಗೆ ತಲುಪಬೇಕು.’

ಹೊರಗೆ ಬೋರಾ. ಅರವತ್ತೆಂಟರ ಹೆಂಗಸು
ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ
ಈಜಿಕೊಂಡು ಹೋದಳು. ಹಿಂದೆ ನಾನು.

ಅಂಗಡಿಯೆಂದರೆ ಒಂದು ಓಣಿ; ಅಂಟಿನ ವಾಸನೆ.
ಅವಳು ಸುಮ್ಮನೆ ನನ್ನ ಕಡೆ ನೋಡಿದಳು.
‘ನಾನು ಮರೆತೆ’ ಅಂದೆ.
ಎರಡೇ ಮಾತು. ಇಡೀ ಪತ್ರಕ್ಕಿಂತ ಭಾರವಿದ್ದವು.
‘ದಂಡ, ಹದಿನೇಳು ಕೊಡೆ.’

ಜಿದಾರಿಚ್ ಇಕ್ಕಳ ಕೆಳಗಿಟ್ಟ.
‘ಮಡಿಸುವ ಕೊಡೆಯೋ? ಕೋಲಿನ ಕೊಡೆಯೋ?’
ನನಗೆ ಗೊತ್ತಿರಲಿಲ್ಲ.
‘ಕೋಲಿನದು’ ಎಂದಳು ಎರ್ಮಿನಿಯಾ,
‘ಎಲ್ಲ ನಮ್ಮ ಖಾತೆಗೆ.’
‘ಐದು ನನ್ನವು. ರಸೀದಿ ತಡ ಮಾಡಿದ್ದು ನಾನು.’
‘ಒಂದೂ ಇಲ್ಲ.’
‘ನಾಲ್ಕು.’
ಇಬ್ಬರೂ ನಷ್ಟಕ್ಕಾಗಿ ಚೌಕಾಸಿಗಿಳಿದದ್ದನ್ನು
ಅಂದೇ ಮೊದಲು ನೋಡಿದೆ. ಎರಡಕ್ಕೆ ಇತ್ಯರ್ಥವಾಯಿತು.
ವಾಪಸು ಬರುವಾಗ ದಾರಿಯುದ್ದಕ್ಕೂ ಬೈದಳು.
ಅರ್ಧ ಗಾಳಿಗೆ ಹೋಯಿತು.
ಉಳಿದರ್ಧ ನನ್ನಲ್ಲಿದೆ.

ಎಲ್ಲರೂ ಹಾಗಲ್ಲ.
ಹಡಗಿನ ಏಜೆಂಟ್ ಪೆರ್ತೋತ್ ಇದಕ್ಕಿಂತ ಸಣ್ಣ ತಪ್ಪಿಗೆ
ಫೈಲೆಲ್ಲ ಕಟ್ಟಿಸಿಕೊಂಡು ಹೋದ, ನಮಸ್ಕಾರವಿಲ್ಲದೆ.
ಅವಳು ರಾತ್ರಿ ಕೂತು, ಹೊಸ ಲೆಕ್ಕಿಗನಿಗೆ
ಮುಂದಿನ ಗಡುವುಗಳ ಪಟ್ಟಿ ಬರೆದು ಕಳಿಸಿದಳು.
ಬಿಲ್ಲು ಮಾಡಲಿಲ್ಲ. ಅವನು ಮರಳಿ ಬರಲೂ ಇಲ್ಲ.
‘ಹೋಗುವವನಿಗೂ ಬಾಗಿಲು ಹಿಡಿಯಬೇಕು,
ಗಾಳಿಯಿದೆ’ ಅಂದಳು, ಅಷ್ಟೆ.

ಈಗ ಪೆಟ್ಟಿಗೆ ನನ್ನ ಮೇಜಿನ ಕೆಳಗಿದೆ.
ಅಂಗಡಿಯಲ್ಲಿ ಜಿದಾರಿಚ್‌ನ ಮಗಳು ಅಲೆಂಕಾ,
ಕೊಡೆಯ ಜಾಗದಲ್ಲಿ ಮೊಬೈಲ್ ಕವಚಗಳು.
ನಿನ್ನೆ ಹೋಗಿ ರೂಢಿಯಂತೆ ಕೂತು
‘ಈ ವರ್ಷ ತೆರಿಗೆ ನಲವತ್ತು ಕೊಡೆ’ ಅಂದೆ.
‘ಏನಂದಿರಿ?’
ಅವಳ ಪರದೆಯ ಮೇಲೆ ಶೇಕಡಾ ಎಲ್ಲ ಸಿದ್ಧವಿತ್ತು,
ನನಗಿಂತ ಒಂದು ದಶಾಂಶ ಹೆಚ್ಚು ನಿಖರವಾಗಿ.

ಹಳೆಯ ಚೀಟಿ ಎಸೆಯಲು ಮನಸ್ಸಾಗಲಿಲ್ಲ.
ಅದರ ಹಿಂದೆ ಹೊಸತೊಂದು ಇಟ್ಟಿದ್ದೇನೆ.
ಮೇಲೆ ಅವಳ ಹೆಸರು. ಕೆಳಗೆ, ಪೆನ್ಸಿಲಿನಲ್ಲಿ:
‘ಇನ್ನೂ ಏನೂ ಗೊತ್ತಿಲ್ಲ.
ಗುರುವಾರ ಮತ್ತೆ ಹೋಗಬೇಕು.’