ನಡಾವಳಿಗೆ ಸೇರದ್ದು

ನಡಾವಳಿ ಬರೆಯುವವಳು ನಾನು, ಹತ್ತೊಂಬತ್ತು ವರ್ಷದಿಂದ.
ಯಾರು ಮಂಡಿಸಿದರು, ಯಾರು ಅನುಮೋದಿಸಿದರು,
ಪರ ಎಷ್ಟು, ವಿರೋಧ ಎಷ್ಟು, ಅಷ್ಟೇ.
ಕೆಮ್ಮು, ಅಳು, ಬಾಗಿಲು ಬಡಿದುಕೊಂಡು ಹೋದದ್ದು
ಬರೆಯಕೂಡದು.

ಮಾರ್ಚ್ ತಿಂಗಳ ಮಂಗಳವಾರ.
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಉದ್ದನೆ ಮೇಜು,
ಏಳು ಸದಸ್ಯರು, ಏಳು ನೀಲಿ ಕಡತ,
ಒಂದೊಂದೂ ಇಟ್ಟಿಗೆಯಷ್ಟು ಭಾರ.
ಗಣಿತಕ್ಕೆ, ಇಂಗ್ಲಿಷಿಗೆ ಹೊಸ ಮಾನದಂಡ:
ಮೂರನೇ ತರಗತಿಯ ಮಗು ವರ್ಷದ ಕೊನೆಗೆ
ಏನೇನು ಬಲ್ಲದಾಗಿರಬೇಕು ಎಂಬ ಪಟ್ಟಿ.
ಹೊರಗೆ ಮೇನ್ ರಾಜ್ಯದ ಹಿಮ. ನದಿ ಇನ್ನೂ ಕಲ್ಲು.
ಆಚೆ ದಡದಲ್ಲಿ ಕೆನಡಾದ ದೀಪಗಳು,
ಆ ದೀಪದಡಿಯ ಮಕ್ಕಳಿಗೆ ಬೇರೆ ಪಟ್ಟಿ.

ಮೊದಲು ಎದ್ದವನು ಕ್ಲೋವಿಸ್ ವಿಲೆಟ್,
ಆಲೂಗಡ್ಡೆ ಗೋದಾಮಿನಲ್ಲಿ ಲಾರಿ ತೂಗುವವನು.
ಕೈಯಲ್ಲಿ ಮಗಳ ಮನೆಗೆಲಸದ ಹಾಳೆ.
"ನೂರರಲ್ಲಿ ಅರವತ್ತೇಳು ಕಳೆಯಲು
ಪಕ್ಕದ ಮನೆಯಿಂದ ಸಾಲ ತರಬೇಕು,
ಪಕ್ಕದ ಮನೆಯಲ್ಲಿ ಸೊನ್ನೆ, ಅದರಾಚೆಯ ಮನೆಗೆ ಹೋಗಬೇಕು.
ನಾನು ಕಲಿತದ್ದು ಹಾಗೆ, ನನ್ನಪ್ಪ ಕಲಿತದ್ದು ಹಾಗೆ.
ಈಗ ಗೆರೆ ಎಳೆದು ಅದರ ಮೇಲೆ
ಕಪ್ಪೆಯ ಹಾಗೆ ಕುಪ್ಪಳಿಸಬೇಕಂತೆ!
ಉತ್ತರ ಸರಿ, ದಾರಿ ತಪ್ಪು ಅಂತ ಕೆಂಪು ಗುರುತು.
ನಿನಗೆ ಗೊತ್ತಾಗಲ್ಲ ಬಿಡಪ್ಪ ಅಂದಳು ಮಗಳು."
ಕೊನೆಯ ಸಾಲಿಗೆ ಅವನ ದನಿ ಕೈಕೊಟ್ಟಿತು.
ಚಪ್ಪಾಳೆ. ಅದೂ ಬರೆಯಲಿಲ್ಲ.

ಎರ್ಮೀನ್ ಟೀಚರ್ ಎದ್ದಳು, ಮಂಡಿ ಹಿಡಿದುಕೊಂಡು.
"ಕ್ಲೋವಿಸ್, ನಿನ್ನಮ್ಮನ ಅಂಗಡಿಯಲ್ಲಿ
ಅರವತ್ತೇಳು ಸೆಂಟಿನ ದಾರದುಂಡೆ ಕೊಂಡು
ಡಾಲರ್ ಕೊಟ್ಟರೆ ಚಿಲ್ಲರೆ ಹೇಗೆ ಎಣಿಸುತ್ತಿದ್ದಳು?"
ಅವನು ಸುಮ್ಮನಿದ್ದ. ಬೆರಳುಗಳು ಸುಮ್ಮನಿರಲಿಲ್ಲ.
"ಅರವತ್ತೇಳು... ಇಗೋ ಮೂರು, ಎಪ್ಪತ್ತು...
ಇಗೋ ಮೂವತ್ತು, ನೂರು."
"ಅದೇ ಕಪ್ಪೆ," ಅಂದಳು ಟೀಚರ್.
ಯಾರೋ ನಕ್ಕರು. ಕ್ಲೋವಿಸ್ ನಗಲಿಲ್ಲ.
"ಅದನ್ನು ಮೊದಲೇ ಯಾರೂ ನನಗೆ ಯಾಕೆ ಹೇಳಲಿಲ್ಲ?"
ಏಳು ಕಡತಗಳ ಪುಟ ಸರಸರ ಮಗುಚಿದವು.

ಟೀಚರ್ ಕೂರಲಿಲ್ಲ. "ಲೆಕ್ಕ ಸರಿಹೋದೀತು," ಅಂದಳು,
"ಇಂಗ್ಲಿಷಿನದು ನನಗೆ ತಿಳಿಯುತ್ತಿಲ್ಲ.
ಉತ್ತರಕ್ಕೆ ಪಾಠದೊಳಗಿಂದಲೇ ಆಧಾರ ಕೊಡಬೇಕಂತೆ.
ಪಾಠದಲ್ಲೊಂದು ನಾಯಿ, ಬಾಗಿಲಲ್ಲಿ ಕಾಯುತ್ತದೆ.
ಯಾಕೆ ಕಾಯುತ್ತದೆ ಅಂತ ಪ್ರಶ್ನೆ.
ಆಬೆಲ್ ಬರೆದಿದ್ದಾನೆ: ಯಾರೂ ಅದಕ್ಕೆ ಹೇಳಿಲ್ಲ.
ಆಧಾರ ಎಂಬ ಗೆರೆಯ ಮೇಲೆ: ನನಗೆ ಗೊತ್ತು.
ನವೆಂಬರಿನಲ್ಲಿ ಅವನಪ್ಪನ ಮೇಲೆ ಮರ ಬಿದ್ದದ್ದು
ನಿಮಗೂ ಗೊತ್ತು. ಎಷ್ಟು ಅಂಕ ಕೊಡಲಿ?"
ಅಧ್ಯಕ್ಷೆ ಗಡಿಯಾರ ನೋಡಿ
ಮೂರು ನಿಮಿಷ ಮುಗಿಯಿತು ಅಂದಳು, ಮೆಲ್ಲಗೆ.

ಇದೇ ಶಾಲೆಯ ಕಪ್ಪುಹಲಗೆಯ ಮೇಲೆ ನನ್ನಮ್ಮ
ಇನ್ನು ಫ್ರೆಂಚ್ ಮಾತಾಡುವುದಿಲ್ಲ ಎಂದು
ನೂರು ಸಲ ಬರೆದಿದ್ದಳು, ಇಂಗ್ಲಿಷಿನಲ್ಲಿ.
ಒಂದು ಕಾಗುಣಿತವೂ ತಪ್ಪದೆ.
ಆಗಲೂ ಯಾರೋ ಮಂಡಿಸಿದ್ದರು, ಯಾರೋ ಅನುಮೋದಿಸಿದ್ದರು,
ನನ್ನಂಥವಳೊಬ್ಬಳು ದುಂಡಗೆ ಬರೆದುಕೊಂಡಿದ್ದಳು.
ನನ್ನ ಅಕ್ಷರ ಅಮ್ಮನದೇ ಅನ್ನುತ್ತಾರೆ ನೋಡಿದವರು.
ರಾತ್ರಿ ಹಾಲು ಕಾಯಿಸುವಾಗ ಮಾತ್ರ
ಅವಳ ಬಾಯಿಗೆ ಬರುತ್ತಿದ್ದ ಲೆಕ್ಕ ಫ್ರೆಂಚಿನದು.

ಕೈ ಎತ್ತಿದರು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.
ಕುರ್ಚಿ ಮಡಚುವ ಸದ್ದಿನ ನಡುವೆ
ಟೀಚರ್ ಕಡತವನ್ನು ಮಗುವಿನಂತೆ ಎದೆಗಾನಿಸಿ ನಡೆದಳು,
ಅಕ್ಕರೆಯೋ, ಬರೀ ಭಾರವೋ.
ಹೊರಗೆ, ತನ್ನ ಲಾರಿಯ ಹಿಮಗಟ್ಟಿದ ಗಾಜಿನ ಮೇಲೆ
ಕ್ಲೋವಿಸ್ ಬೆರಳಿಂದ ಗೆರೆ ಎಳೆಯುತ್ತಿದ್ದ,
ಮೇಲೊಂದು ಚಿಕ್ಕ ಕಮಾನು, ಪಕ್ಕಕ್ಕೊಂದು ದೊಡ್ಡದು.
ತುಟಿ ಅಲುಗುತ್ತಿತ್ತು. ಬೈಯುತ್ತಿದ್ದನೋ,
ಮಗಳಿಗೆ ಹೇಳುವುದನ್ನು ಬಾಯಿಪಾಠ ಮಾಡುತ್ತಿದ್ದನೋ.

ಮನೆಗೆ ಬಂದು ಟೈಪ್ ಮಾಡಿದೆ:
ಪರ ನಾಲ್ಕು, ವಿರೋಧ ಮೂರು. ಅಂಗೀಕಾರ.
ಸಾರ್ವಜನಿಕರಲ್ಲಿ ಇಬ್ಬರು ಮಾತಾಡಿದರು.
ಸಭೆ ಮುಗಿದದ್ದು ಒಂಬತ್ತು ಹತ್ತಕ್ಕೆ.