ರೂಪಾಯಿಗಳು ಮಾತ್ರ

ನನ್ನ ಪ್ಯಾಕೇಜು ಇನ್ನೂರ ಎಂಬತ್ತು ಸಾಲು.
ಕೆಲಸ ಇಷ್ಟೇ: ಅಂಕಿ ಕೊಟ್ಟರೆ ಅಕ್ಷರ ಕೊಡುತ್ತದೆ.
೧೧,೧೦೧ ಅಂದರೆ
ಹನ್ನೊಂದು ಸಾವಿರದ ನೂರಾ ಒಂದು ರೂಪಾಯಿಗಳು ಮಾತ್ರ.
ಕೊನೆಗೆ ಆ ‘ಮಾತ್ರ’ ಇರಲೇಬೇಕು,
ಇಲ್ಲದಿದ್ದರೆ ಯಾರಾದರೂ ಬಾಲ ಸೇರಿಸಿಯಾರು.

ಶಿಡ್ಲಘಟ್ಟ. ಜೈಬುನ್ನಿಸಾ ಅವರ ಫಿಲೇಚರಿನ ಮೇಲಿನ ರೂಮು.
ಕಿಟಕಿ ತೆಗೆದರೆ ಬೆಂದ ಹುಳದ ವಾಸನೆ,
ಮುಚ್ಚಿದರೆ ಸೆಕೆ.
ಹಗಲು ಗೂಡಿನ ಮಾರ್ಕೆಟ್ಟಿನಲ್ಲಿ ಲಾಟು ಬರೆಯುತ್ತೇನೆ,
ರಾತ್ರಿ ಇದು.
ಏಳು ವರ್ಷದಿಂದ ಬರೆದವನೂ ನಾನೇ, ತಿದ್ದಿದವನೂ,
ಬೈಸಿಕೊಂಡವನೂ.

ಹೋದ ತಿಂಗಳು ಹೊಸ ನಿಯಮ ಬಂತು.
ಮುಖ್ಯ ಶಾಖೆಗೆ ಇನ್ನು ನೇರವಾಗಿ ಒಂದು ಚುಕ್ಕೆಯನ್ನೂ ತಳ್ಳುವಂತಿಲ್ಲ.
ಬೇರೆ ಕೊಂಬೆಯಲ್ಲಿ ಬರೆ, ಪುಲ್ ರಿಕ್ವೆಸ್ಟ್ ತೆರೆ,
ಯಾರಾದರೂ ಓದಿ ಒಪ್ಪಲಿ, ಆಮೇಲೆ ಸೇರಿಸು.
ಯಾರಾದರೂ ಅಂದರೆ ಯಾರು ಸ್ವಾಮಿ?
ನನ್ನ ಬಾಗಿಲನ್ನು ನಾನೇ ತಟ್ಟಿ
‘ಯಾರದು?’ ಎಂದು ಒಳಗಿಂದ ನಾನೇ ಕೂಗಬೇಕೆ?

ಆ ಕೋಪದಲ್ಲಿ ಮೊದಲು ಹೊಳೆದದ್ದು ಪಿಳ್ಳಪ್ಪ.
ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ
ಕೂತಿರುತ್ತಾನೆ, ಜೇಬಿನಲ್ಲಿ ಎರಡು ಪೆನ್ನು, ಆಧಾರ್ ಕಾರ್ಡು.
ನೂರು ರೂಪಾಯಿಗೆ ಯಾವ ಪತ್ರಕ್ಕೂ ಸಾಕ್ಷಿ.
ಮಾರಿದವನನ್ನು ನೋಡಿಲ್ಲ, ಕೊಂಡವನ ಊರು ಗೊತ್ತಿಲ್ಲ,
ಸಹಿ ಮಾತ್ರ ಮುತ್ತಿನಂಥ ಸಹಿ.
ಒಂದು ರಾತ್ರಿ ನಾನೂ ಒಬ್ಬ ಪಿಳ್ಳಪ್ಪನನ್ನು ಹುಟ್ಟಿಸಿದೆ:
ಎರಡನೆಯ ಖಾತೆ, ಬೇರೆ ಇಮೇಲು,
ಮುಖದ ಜಾಗದಲ್ಲಿ ಒಂದು ರೇಷ್ಮೆಗೂಡು.
ನಾನು ಕೋರಿದೆ. ಅವನು ಒಪ್ಪಿದ.
ನಾಲ್ಕು ಸೆಕೆಂಡು. ಹಸಿರು ಟಿಕ್ಕು. ನಿಯಮಕ್ಕೆ ಹೊಟ್ಟೆ ತುಂಬಿತು.

ಆ ನಾಲ್ಕು ಸೆಕೆಂಡಿನಲ್ಲೇ ತಪ್ಪೂ ದಾಟಿಹೋಯಿತು.
೧೦,೦೫,೦೦೦ ಕೊಟ್ಟರೆ
ಹತ್ತು ಲಕ್ಷದ ಐದು ರೂಪಾಯಿಗಳು ಮಾತ್ರ.
ಸಾವಿರ ಎಲ್ಲೋ ಉದುರಿತ್ತು.
ಯಾವುದೋ ಸಹಕಾರ ಸಂಘದ ಗುಮಾಸ್ತರೊಬ್ಬರು ಬರೆದಿದ್ದರು:
‘ನೂರ ನಲವತ್ತು ರಸೀದಿ ಕೈಯಲ್ಲೇ ತಿದ್ದಿದೆವು. ದಯವಿಟ್ಟು ನೋಡಿ.’
ಬೈದಿದ್ದರೆ ಮರೆಯುತ್ತಿದ್ದೆ.
ಆ ‘ದಯವಿಟ್ಟು’ ಎರಡು ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಕೆಳಗಿಳಿದೆ. ಜೈಬುನ್ನಿಸಾ ರೀ-ರೀಲಿಂಗಿಗೆ ಕೂತಿದ್ದರು.
ಬೆಳಿಗ್ಗೆ ತಾವೇ ಬಿಚ್ಚಿದ ನೂಲನ್ನು
ಸಣ್ಣ ರಾಟೆಯಿಂದ ದೊಡ್ಡ ರಾಟೆಗೆ ಮತ್ತೆ ಸುತ್ತುವುದು.
ನಡುವೆ ನಿಲ್ಲಿಸಿ, ಉಗುರಿನಲ್ಲಿ ಒಂದು ಉಬ್ಬು ಹಿಡಿದು,
ಕಿತ್ತು, ಗಂಟು ಹಾಕಿ, ಬಾಲ ಕತ್ತರಿಸಿದರು.
‘ಬೆಳಿಗ್ಗೆ ಕಾಣಲಿಲ್ಲವಾ ಇದು?’ ಅಂದೆ.
‘ಬೆಳಿಗ್ಗೆ ಬಿಸಿನೀರಿನ ಆವಿ, ಗೂಡು ಮುಗಿಸೋ ಆತುರ.
ಈಗ ಒಣಗಿದೆ, ಕಾಣ್ತದೆ.’
ಇನ್ನೊಂದು ಎಳೆ ಹುಡುಕುತ್ತ ಅಂದರು:
‘ಇದಕ್ಕೆ ಬೇರೆ ಕೂಲಿ ಯಾರೂ ಕೊಡಲ್ಲ ನೋಡು.’

ಕಡ್ಡಾಯ ಬೇಕೋ ಬೇಡವೋ, ನನಗಿನ್ನೂ ಇತ್ಯರ್ಥವಿಲ್ಲ.
ತನ್ನ ಬೆನ್ನು ತನಗೆ ಕಾಣದು, ಒಪ್ಪಿದೆ.
ಆದರೆ ಕನ್ನಡಿ ತಾ ಎನ್ನುವವರು
ಕನ್ನಡಿಯ ಕಾಸು ಕೇಳಿದರೆ ಆಕಾಶ ನೋಡುತ್ತಾರೆ.
ಗೂಡಿನ ಮುಖದ ಪಿಳ್ಳಪ್ಪನನ್ನು ಅಳಿಸಿಹಾಕಿದೆ.
ಅಸಲಿ ಪಿಳ್ಳಪ್ಪ ಮೆಟ್ಟಿಲ ಮೇಲೇ ಇದ್ದಾನೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ರಿಕ್ವೆಸ್ಟ್ ತೆರೆದು,
ಯಾಕೆ ಬದಲಿಸಿದೆ ಎಂದು ಮೂರು ಸಾಲು ಬರೆದು,
ಲ್ಯಾಪ್‌ಟಾಪ್ ಮುಚ್ಚಿದೆ.
ಒಣಗಲಿ.

ಬೆಳಿಗ್ಗೆ ಮಾರ್ಕೆಟ್ಟಿಗೆ ಹೊರಡುವ ಮುಂಚೆ, ಟೀ ಲೋಟ ಹಿಡಿದು,
ಯಾರೋ ಬರೆದದ್ದೆಂಬಂತೆ ಓದಿದೆ.
ಹದಿನೇಳನೆಯ ಸಾಲಿನಲ್ಲಿ ಒಂದು ಸೊನ್ನೆ.
‘ಇದು ಇಲ್ಲಿ ಯಾಕಿದೆ?’ ಎಂದು ಕೆಳಗೆ ಬರೆದೆ.

ಅವನು ಇನ್ನೂ ಉತ್ತರಿಸಿಲ್ಲ.