ತೂತಿನ ಲೆಕ್ಕ

ಎಲ್ಲಾರ ಮನಿ ದ್ವಾಸಿ ತೂತಾದ್ರ
ನಮ್ಮ ಮನಿ ಹಂಚಽ ತೂತು ಅಂತಾರ.
ನನ್ನ ಕೆಲಸಕ್ಕೆ ಇದಕ್ಕಿಂತ ನೆಟ್ಟಗಿನ ವಿವರಣೆ ಇಲ್ಲ:
ದೋಸೆ ತೂತಿರಬೇಕು, ಹಂಚು ತೂತಿರಬಾರದು.

ಧಾರವಾಡ, ಕೆಮಿಸ್ಟ್ರಿ ವಿಭಾಗದ ಹಿಂದಿನ ಕೋಣೆ.
ಹಂಚೆಂದರೆ ಒಂದು ಬಿಳಿ ಬಿಲ್ಲೆ, ಎಂಟಾಣೆ ನಾಣ್ಯದಷ್ಟು.
ಅದರೊಳಗೆ ಆಕ್ಸಿಜನ್ ಅಯಾನು ಮಾತ್ರ
ಖಾಲಿ ಕುರ್ಚಿಯಿಂದ ಖಾಲಿ ಕುರ್ಚಿಗೆ
ಜರುಗಿ ಜರುಗಿ ದಾಟುತ್ತದೆ. ಗಾಳಿಗೆ ದಾರಿಯಿಲ್ಲ.
ಅದರ ಮೇಲೆ ನಾನು ಹಚ್ಚುವ ಕಪ್ಪು ಪದರಕ್ಕೆ
(ಲ್ಯಾಂಥನಮ್, ಸ್ಟ್ರಾನ್ಷಿಯಮ್, ಕೋಬಾಲ್ಟ್, ಕಬ್ಬಿಣ)
ಗಾಳಿ ಬರಬೇಕು, ಎಲೆಕ್ಟ್ರಾನ್ ಬರಬೇಕು,
ಬಂದದ್ದಕ್ಕೆ ಹಂಚಿನ ತನಕ ಹಾದಿಯೂ ಇರಬೇಕು.
ಮೂವರು ಅಣ್ಣತಮ್ಮಂದಿರೂ ಕೂಡದೆ
ಸಹಿಯಾಗದ ವಾಟ್ನಿ ಪತ್ರ.

ಮೊದಲ ಬ್ಯಾಚಿಗೆ ಜೋಳದ ಹಿಟ್ಟು ಬೆರೆಸಿದೆ,
ಮೂರರಲ್ಲಿ ಒಂದು ಪಾಲು. ಹಿಟ್ಟು ಸುಟ್ಟು ಹೋದಲ್ಲಿ ತೂತು.
ಒಲೆಯ ಬಾಗಿಲಲ್ಲಿ ಐದು ನಿಮಿಷ ಖಾನಾವಳಿಯ ವಾಸನೆ;
ಮರುದಿನ ಪದರ ರೊಟ್ಟಿಯಂತೆ ಉಬ್ಬಿ
ಕಳಚಿ ಅಂಗೈಗೆ ಬಂತು.
ಬಿಸಿಗೆ ಅದು ಹಿಗ್ಗಿದಷ್ಟು ಹಂಚು ಹಿಗ್ಗಿರಲಿಲ್ಲ.
ಕೋಬಾಲ್ಟ್ ಇಳಿಸಿದೆ. ಹಿಟ್ಟೂ ಇಳಿಸಿದೆ.
ಈಗ ಗಟ್ಟಿ ಕೂತಿತು, ಉಸಿರೇ ಇಲ್ಲ.
ಮೈಕ್ರೋಸ್ಕೋಪಿನಲ್ಲಿ ತೂತುಗಳೇನೋ ಇದ್ದವು,
ಬಾಡಿಗೆ ಕೋಣೆಗಳ ಹಾಗೆ, ಒಂದರ ಗುರುತು ಇನ್ನೊಂದಕ್ಕಿಲ್ಲ.

ಮಧ್ಯಾಹ್ನ ಒಲೆ ಕಾಯಲು ಬರುವ ಮಕ್ತುಂಸಾಬ ನದಾಫರು
ಕನ್ನಡಕ ಏರಿಸಿ ಆ ಚಿತ್ರ ನೋಡಿದರು.
"ಹಳೇ ಗಾದಿ ಅರಳಿ ಆಗೇತ್ರಿ ಇದು. ಹಿಂಜಬೇಕು."
ಅವರಪ್ಪ ಗದಗಿನ ಓಣಿಗಳಲ್ಲಿ ಬಿಲ್ಲು ಹೊತ್ತು ತಿರುಗಿದವರು.
ಟಂವ್ ಟಂವ್ ಅನ್ನುತ್ತ ಅನ್ನುತ್ತ
ಒಂದು ಸೇರು ಅರಳೆ ಪಡಸಾಲೆ ತುಂಬುತ್ತಿತ್ತಂತೆ.
"ಎಳಿ ಹರೀಬಾರ್ದು, ಗಾಳಿ ಹೊಗಬೇಕು. ಅಷ್ಟಽ ವಿದ್ಯಾ."

ಅಷ್ಟೇ ವಿದ್ಯೆ. ಹನ್ನೊಂದು ತಿಂಗಳು ನಾನದನ್ನು
ಪರ್ಕೋಲೇಶನ್ ಎಂದು ಬರೆಯುತ್ತ ಕೂತಿದ್ದೆ.

ಮರುವಾರ ಅವರ ಮನೆಯಿಂದಲೇ ಒಂದು ಹಿಡಿ ಬಂತು,
ಹಿಂಜಿದ್ದು, ಬಿಸ್ಕೀಟಿನ ಡಬ್ಬಿಯಲ್ಲಿ.
ನೈಟ್ರೇಟಿನ ಕೆಂಗಂದು ನೀರಿಗೆ ಅದ್ದಿ, ಒಣಗಿಸಿ,
ನಿಮಿಷಕ್ಕೆ ಒಂದೇ ಡಿಗ್ರಿ.
ಸಪ್ತಾಪುರದ ಕಡೆ ಗುಡುಗು. ಎರಡು ಸಲ ಕರೆಂಟು ಹೋಯಿತು,
ಎರಡು ಸಲ ಜನರೇಟರಿನತ್ತ ಅವರ ಚಪ್ಪಲಿಯ ಸದ್ದು.
ವಿದ್ಯುತ್ ಮಾಡಬೇಕಾದದ್ದು
ಹುಟ್ಟುವ ಮೊದಲೇ ವಿದ್ಯುತ್ತಿನ ಸಾಲಗಾರ.

ತೆಗೆದಾಗ ಹತ್ತಿ ಇರಲಿಲ್ಲ. ಹತ್ತಿಯ ಆಕಾರ ಇತ್ತು,
ಕಪ್ಪಗೆ, ಎಳೆ ಎಳೆಯಾಗಿ,
ಪ್ರತಿ ಎಳೆಯೂ ಒಳಗೆ ಪೊಳ್ಳು.
ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತಿದೆ;
ಒಂದು ಸೀನಿಗೆ ಆರು ವಾರ ಹಾರಿಹೋಗುತ್ತಿದ್ದವು.
ಅಂಟಿನಲ್ಲಿ ಕಲಸಿ ಹಂಚಿಗೆ ಹಚ್ಚಿದೆ. ಕಳಚಲಿಲ್ಲ.

ಏಳುನೂರು ಡಿಗ್ರಿಯಲ್ಲಿ ರೋಧ ಅರ್ಧಕ್ಕಿಳಿದಿದೆ.
ಪೇಢೆ ಹಂಚುವುದು ಬೇಡ: ಇನ್ನೂರು ತಾಸಿನ ಮೇಲೆ
ಸ್ಟ್ರಾನ್ಷಿಯಮ್ ಕೆನೆಯಂತೆ ಮೇಲೆ ಬಂದು ನಿಂತು
ಒಂದೊಂದೇ ಬಾಗಿಲು ಮುಚ್ಚತೊಡಗುತ್ತದೆ.
ಅದಕ್ಕಿನ್ನೂ ಮದ್ದು ಸಿಕ್ಕಿಲ್ಲ.

ಇವತ್ತು ಇಡೀ ಸೆಲ್ ಜೋಡಿಸಿ ಹೈಡ್ರೋಜನ್ ಬಿಟ್ಟೆವು.
"ಎಷ್ಟು ಬಂತ್ರಿ?"
"ಒಂದು ವೋಲ್ಟಿಗೆ ತುಸು ಕಡಿಮೆ."
ಅವರು ಮೀಟರ್ ನೋಡಿದರು,
ತಲೆಯ ಮೇಲಿನ ಟ್ಯೂಬ್‌ಲೈಟ್ ನೋಡಿದರು,
ಬೆರಳಲ್ಲಿ ಏನೋ ಎಣಿಸಿದರು.
"ಹಂಗಾರ ಅರಳಿ ಭಾಳ ಬೇಕಾಗ್ತೈತಿ ಬಿಡ್ರಿ."